ಜೀರೋ ಬಲ್ಬಿಗೆ ಎಷ್ಟು ಪಾವು ಕರೆಂಟು?

ಮಕ್ಕಳೇ, ನಿಮ್ಮ ಮನೆಯ ಕರೆಂಟಿನ ಮೀಟರಿನ ಮುಂದೆ ಎಂದಾದರೂ ಎರಡು ನಿಮಿಷ ನಿಂತಿದ್ದೀರಾ? ಬಾಗಿಲ ಪಕ್ಕದಲ್ಲೋ ಜಗಲಿಯ ಗೋಡೆಯಲ್ಲೋ ಮೆಟ್ಟಿಲ ಕೆಳಗೋ ಅದು ಇರುತ್ತದೆ. ತಿಂಗಳಿಗೊಮ್ಮೆ ಮೀಟರ್ ರೀಡರ್ ಬಂದು ಅದರ ಅಂಕಿ ನೋಡಿ ಬಿಲ್ಲು ಕೊಟ್ಟು ಹೋಗುತ್ತಾರೆ. ಉಳಿದ ದಿನಗಳಲ್ಲಿ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಅದರ ಮುಖದ ಮೇಲೆ ಒಂದು ಪುಟಾಣಿ ಕೆಂಪು ದೀಪವಿದೆ. ಮಿಣುಕ್, ಮಿಣುಕ್ ಎಂದು ಅದು ಹಗಲೂ ರಾತ್ರಿ ಏನನ್ನೋ ಹೇಳುತ್ತಿರುತ್ತದೆ. ಅದು ಏನು ಹೇಳುತ್ತಿದೆ ಎಂದು ತಿಳಿದುಕೊಂಡರೆ, ಮನೆಯ ಯಾವ ದೀಪ ಎಷ್ಟು ಕರೆಂಟು ತಿನ್ನುತ್ತದೆ ಎಂಬುದನ್ನು ನೀವೇ ಕಂಡುಹಿಡಿಯಬಹುದು. ಬನ್ನಿ, ಇವತ್ತು ಅದನ್ನು ಓದಲು ಕಲಿಯೋಣ.

ಅಜ್ಜಿ ಮೂಟೆಯಿಂದ ಅಕ್ಕಿ ಅಳೆಯುವುದನ್ನು ನೆನಪಿಸಿಕೊಳ್ಳಿ. ಪಾವನ್ನು ತುಂಬುತ್ತಾಳೆ, ಅಂಗೈಯಿಂದ ಮೇಲ್ಭಾಗ ಸವರುತ್ತಾಳೆ, ಮೊರಕ್ಕೆ ಸುರಿಯುತ್ತಾಳೆ. ಮೊದಲನೆಯದಕ್ಕೆ 'ಲಾಭ' ಎನ್ನುತ್ತಾಳೆ. ಆಮೇಲೆ ಎರಡು, ಮೂರು, ನಾಲ್ಕು. ಮೀಟರು ಮಾಡುವ ಕೆಲಸವೂ ಇಂಥದ್ದೇ. ಬೀದಿಯ ಕಂಬದಿಂದ ನಿಮ್ಮ ಮನೆಯೊಳಗೆ ಬರುವ ಕರೆಂಟನ್ನು ಅದು ಪಾವು ಪಾವಾಗಿ ಅಳೆಯುತ್ತದೆ. ಒಂದು ಪಾವು ಅಳೆದು ಮುಗಿದಾಗಲೆಲ್ಲ ಒಂದು ಸಲ ಮಿಣುಕುತ್ತದೆ. ಮಿಣುಕು ಬೇಗ ಬೇಗ ಬಂದರೆ ಮನೆಯಲ್ಲಿ ಯಾರೋ ಗಬಗಬ ತಿನ್ನುತ್ತಿದ್ದಾರೆ ಎಂದರ್ಥ. ನಿಧಾನವಾಗಿ ಬಂದರೆ ತಿನ್ನುವವರು ಕಡಿಮೆ.

ಆ ಪಾವು ಎಷ್ಟು ದೊಡ್ಡದು? ಅದನ್ನೂ ಮೀಟರಿನ ಮುಖದ ಮೇಲೆಯೇ ಬರೆದಿರುತ್ತಾರೆ. ಕೆಂಪು ದೀಪದ ಹತ್ತಿರ ಸಣ್ಣ ಅಕ್ಷರಗಳಲ್ಲಿ 'ಇಂಪ್' ಎಂಬ ಇಂಗ್ಲಿಷ್ ಅಕ್ಷರಗಳಿವೆಯೇ, ಹುಡುಕಿ. ಅದರ ಜೊತೆಗೆ ಒಂದು ಅಂಕಿ ಇರುತ್ತದೆ. ಅನೇಕ ಮನೆಗಳಲ್ಲಿ ಅದು 3200. ಕೆಲವು ಕಡೆ 1600 ಅಥವಾ ಬೇರೆ ಅಂಕಿಯೂ ಇರಬಹುದು. 3200 ಎಂದಿದ್ದರೆ, ಅಷ್ಟು ಪಾವು ಸೇರಿದಾಗ ಒಂದು ಯೂನಿಟ್ ಆಗುತ್ತದೆ. ಅಪ್ಪ ಅಮ್ಮ ಬಿಲ್ಲು ನೋಡಿ "ಈ ತಿಂಗಳು ಇಷ್ಟು ಯೂನಿಟ್ ಬಂತು" ಎನ್ನುತ್ತಾರಲ್ಲ, ಅದೇ ಯೂನಿಟ್.

ಈಗ ಬಲ್ಬಿನ ಮೇಲೆ ಬರೆದಿರುವ 'ವಾಟ್' ಎಂಬುದರ ಕಡೆ ಬರೋಣ. ವಾಟ್ ಎಂದರೆ ಕರೆಂಟನ್ನು ತಿನ್ನುವ ವೇಗ. 60 ವಾಟಿನ ಬಲ್ಬು 30 ವಾಟಿನದಕ್ಕಿಂತ ಎರಡರಷ್ಟು ವೇಗವಾಗಿ ಪಾವುಗಳನ್ನು ಖಾಲಿ ಮಾಡುತ್ತದೆ. ಸಾವಿರ ವಾಟ್ ತಿನ್ನುವ ಇಸ್ತ್ರಿಪೆಟ್ಟಿಯನ್ನು ಒಂದು ಗಂಟೆ ಬಿಡದೆ ಉರಿಸಿದರೆ ಸರಿಯಾಗಿ ಒಂದು ಯೂನಿಟ್ ಖರ್ಚಾಗುತ್ತದೆ.

ನಮ್ಮ ಪ್ರಯೋಗಕ್ಕೆ ಬೇಕಾದದ್ದು ಸೆಕೆಂಡು ತೋರಿಸುವ ಒಂದು ಗಡಿಯಾರ, ಒಂದು ಪೆನ್ಸಿಲು, ಮತ್ತು ಜೊತೆಗೆ ಮನೆಯ ದೊಡ್ಡವರೊಬ್ಬರು. ದೊಡ್ಡವರು ಇರಲೇಬೇಕು. ಮೀಟರನ್ನೂ ಅದರ ತಂತಿಗಳನ್ನೂ ಮುಟ್ಟುವುದೇ ಬೇಡ, ದೂರದಿಂದ ನೋಡಿದರೆ ಸಾಕು. ಸಂಜೆ ಹತ್ತು ನಿಮಿಷ ಮನೆಯಲ್ಲಿ ಎಲ್ಲವನ್ನೂ ಆರಿಸಲು ಹೇಳಿ. ಫ್ರಿಜ್ಜು, ಟೀವಿ, ಮೊಬೈಲಿನ ಚಾರ್ಜರು, ಗೋಡೆಯ ಮೂಲೆಯಲ್ಲಿ ಸುಮ್ಮನೆ ಕೂತಿರುವ ವೈಫೈ ಡಬ್ಬಿ, ಯಾವುದನ್ನೂ ಮರೆಯಬೇಡಿ. ಈಗ ಒಂದೇ ಒಂದು ದೀಪ ಹಾಕಿ. ಕೆಂಪು ದೀಪ ಒಂದು ಸಲ ಮಿಣುಕಿದಾಗ ಎಣಿಸಲು ಶುರು ಮಾಡಿ, ಮತ್ತೆ ಮಿಣುಕಿದಾಗ ನಿಲ್ಲಿಸಿ. ಎಷ್ಟು ಸೆಕೆಂಡಾಯಿತೋ ಬರೆದುಕೊಳ್ಳಿ.

9 ವಾಟಿನ ಎಲ್‌ಇಡಿ ಬಲ್ಬು ಹಾಕಿದ್ದರೆ ನೀವು ಸ್ವಲ್ಪ ತಾಳ್ಮೆಯಿಂದ ಕಾಯಬೇಕಾಗುತ್ತದೆ. ಒಂದು ಮಿಣುಕಿನಿಂದ ಇನ್ನೊಂದಕ್ಕೆ 125 ಸೆಕೆಂಡು, ಅಂದರೆ ಎರಡು ನಿಮಿಷ ದಾಟುತ್ತದೆ. ಅದೇ ಹೋಲ್ಡರಿಗೆ 60 ವಾಟಿನ ಹಳೆಯ ಗಾಜಿನ ಬಲ್ಬು ಹಾಕಿದರೆ? 19 ಸೆಕೆಂಡು ತುಂಬುವ ಮೊದಲೇ ಮಿಣುಕಿಬಿಡುತ್ತದೆ! ಎರಡೂ ಕೋಣೆಗೆ ಕೊಡುವ ಬೆಳಕು ಹೆಚ್ಚುಕಡಿಮೆ ಒಂದೇ. ಒಂದು ಪಾವು ಮುಗಿಸಲು ಒಂದು ಬಲ್ಬು ಎರಡು ನಿಮಿಷ ತೆಗೆದುಕೊಂಡರೆ, ಇನ್ನೊಂದಕ್ಕೆ ಕಾಲು ನಿಮಿಷ ಚಿಲ್ಲರೆ ಸಾಕು. ಈ ವ್ಯತ್ಯಾಸ ಪುಸ್ತಕದಲ್ಲಿ ಓದಿದರೆ ಒಂದು ಅಂಕಿ ಅಷ್ಟೇ. ಗಡಿಯಾರ ಹಿಡಿದು ಕಾಯ್ದು ನೋಡಿದಾಗ ಅದು ಮೈಗೆ ತಿಳಿಯುತ್ತದೆ.

ಲೆಕ್ಕ ಇಷ್ಟವಿರುವವರಿಗೆ ಒಂದು ಉಪಾಯ ಹೇಳುತ್ತೇನೆ. ಒಂದು ಗಂಟೆಗೆ 3600 ಸೆಕೆಂಡು. ಅದನ್ನು ಸಾವಿರ ವಾಟಿನಿಂದ ಗುಣಿಸಿದರೆ 36 ಲಕ್ಷ. ಅದನ್ನು 3200 ಪಾವುಗಳಿಗೆ ಸಮನಾಗಿ ಹಂಚಿದರೆ 1125. ಈ 1125ನ್ನು ನೀವು ಎಣಿಸಿದ ಸೆಕೆಂಡುಗಳಿಂದ ಭಾಗಿಸಿ. ಬರುವ ಉತ್ತರವೇ ವಾಟ್! ಮೀಟರಿನ ಮೇಲೆ 1600 ಎಂದಿದ್ದರೆ 1125ರ ಬದಲು 2250 ತೆಗೆದುಕೊಳ್ಳಿ. ಇನ್ನು ಮೇಲೆ ಫ್ಯಾನು, ಟೀವಿ, ಮಿಕ್ಸಿ ಯಾವುದರ ಹಸಿವನ್ನಾದರೂ ನೀವು ಅಳೆಯಬಹುದು. ಫ್ಯಾನಿನ ಸರದಿ ಬಂದಾಗ ಚೆನ್ನಾಗಿ ನೋಡಿ, ಎಲ್‌ಇಡಿ ದೀಪಕ್ಕಿಂತ ಅದರ ಹಸಿವು ಎಷ್ಟು ಹೆಚ್ಚೆಂದು ಆಶ್ಚರ್ಯಪಡುತ್ತೀರಿ.

ಈಗ ನಮ್ಮ ಕಥಾನಾಯಕ ಜೀರೋ ಬಲ್ಬಿನ ಹತ್ತಿರ ಹೋಗೋಣ. ಮಲಗುವ ಕೋಣೆಯಲ್ಲಿ, ದೇವರ ಮನೆಯಲ್ಲಿ ಕೆಂಪಗೋ ನೀಲಿಯಾಗಿಯೋ ರಾತ್ರಿಯಿಡೀ ಉರಿಯುವ ಪುಟ್ಟ ಗಾಜಿನ ಬಲ್ಬು ಅದು. ಜೀರೋ ಎಂದರೆ ಸೊನ್ನೆ. ಸೊನ್ನೆ ವಾಟ್ ಎಂದ ಮೇಲೆ ಅದಕ್ಕೆ ಕರೆಂಟೇ ಬೇಡ ಎಂದು ಎಷ್ಟೋ ಮನೆಗಳಲ್ಲಿ ನಂಬಿದ್ದರು. ಸೊನ್ನೆ ಕರೆಂಟಿನಲ್ಲಿ ಯಾವ ದೀಪವೂ ಉರಿಯಲಾರದು ಎಂದು ನಿಮಗೀಗ ಗೊತ್ತು. ನಿಜವಾಗಿ ಅದು ತಿನ್ನುವುದು 12ರಿಂದ 15 ವಾಟ್. ಹಾಗಾದರೆ ಆ ಹೆಸರು ಹೇಗೆ ಬಂತು? ಹಿಂದಿನ ಮೀಟರುಗಳಲ್ಲಿ ಮಿಣುಕು ದೀಪ ಇರಲಿಲ್ಲ, ಒಂದು ಲೋಹದ ಬಿಲ್ಲೆ ತಿರುಗುತ್ತಿತ್ತು. ಈ ಬಲ್ಬೊಂದೇ ಉರಿಯುವಾಗ ಆ ಬಿಲ್ಲೆ ಎಷ್ಟು ನಿಧಾನವಾಗಿ ಸರಿಯುತ್ತಿತ್ತೆಂದರೆ, ನೋಡುವವರಿಗೆ ಅದು ನಿಂತೇ ಇದ್ದಂತೆ ಕಾಣುತ್ತಿತ್ತು.

ಮಿಣುಕು ಎಣಿಸಿ ನೋಡಿ. 15 ವಾಟಿನ ಜೀರೋ ಬಲ್ಬು 75 ಸೆಕೆಂಡಿಗೊಂದು ಪಾವು ಮುಗಿಸುತ್ತದೆ. ಇಡೀ ಹಜಾರ ಬೆಳಗುವ ಎಲ್‌ಇಡಿ ಬಲ್ಬಿಗಿಂತಲೂ ಇದರ ಹಸಿವು ಹೆಚ್ಚು! ರಾತ್ರಿ ಎಂಟು ಗಂಟೆ ಉರಿದರೆ 384 ಪಾವು. ಸಂಜೆ ಐದು ಗಂಟೆ ಹೊತ್ತು ಹಜಾರದಲ್ಲಿ ಉರಿದ 9 ವಾಟಿನ ಎಲ್‌ಇಡಿ ತಿಂದದ್ದು 144 ಪಾವು ಮಾತ್ರ. ನೀವೆಲ್ಲ ಕೂತು ಓದಿದ, ಬರೆದ, ಊಟ ಮಾಡಿದ ಬೆಳಕಿಗಿಂತ, ಕಣ್ಣು ಮುಚ್ಚಿ ಮಲಗಿದ್ದಾಗ ಉರಿದ ದೀಪಕ್ಕೆ ಎರಡೂವರೆ ಪಟ್ಟಿಗೂ ಮೀರಿದ ಖರ್ಚು. ಈಗ ಅರ್ಧ ವಾಟ್, ಒಂದು ವಾಟ್ ತಿನ್ನುವ ಎಲ್‌ಇಡಿ ರಾತ್ರಿ ದೀಪಗಳು ಅಂಗಡಿಗಳಲ್ಲಿ ಸಿಗುತ್ತವೆ. ನಿಮ್ಮ ಮನೆಯಲ್ಲಿ ಹಳೆಯ ಜೀರೋ ಬಲ್ಬು ಇನ್ನೂ ಇದ್ದರೆ, ಬದಲಾಯಿಸಬೇಕಾದ ಮೊದಲ ದೀಪ ಅದೇ ಎಂದು ನನ್ನ ಅಭಿಪ್ರಾಯ.

ಮತ್ತೆ ಆ 9 ವಾಟಿನ ಎಲ್‌ಇಡಿ ಮತ್ತು 60 ವಾಟಿನ ಗಾಜಿನ ಬಲ್ಬಿನ ಕಡೆ ಬರೋಣ. ಬೆಳಕು ಹೆಚ್ಚುಕಡಿಮೆ ಒಂದೇ, ಹಸಿವು ಮಾತ್ರ ಬೇರೆ ಬೇರೆ. ಇದು ಹೇಗೆ ಸಾಧ್ಯ? ತಿಂದ ಪಾವುಗಳೆಲ್ಲ ಬೆಳಕೇ ಆಗುವುದಿಲ್ಲ ಎಂಬುದೇ ಇದರ ಗುಟ್ಟು.

ಹಳೆಯ ಗಾಜಿನ ಬಲ್ಬಿನೊಳಗೆ ಕೂದಲಿಗಿಂತ ತೆಳುವಾದ, ಸುರುಳಿ ಸುತ್ತಿದ ಒಂದು ತಂತಿಯಿದೆ. ಅದು ಟಂಗ್‌ಸ್ಟನ್ ಎಂಬ ಲೋಹದ್ದು. ಕರೆಂಟು ಹರಿದಾಗ ತಂತಿ ಸುಮಾರು 2500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ ಎಂದು ನೆನಪಿಟ್ಟುಕೊಂಡು ಇದನ್ನು ಊಹಿಸಿಕೊಳ್ಳಿ. ಅಷ್ಟು ಕಾದ ಲೋಹ ಬೆಳಗುತ್ತದೆ, ನಿಜ. ಆದರೆ ಅದು ಹೊರಸೂಸುವುದರಲ್ಲಿ ನಮ್ಮ ಕಣ್ಣಿಗೆ ಕಾಣುವ ಬೆಳಕು ನೂರಕ್ಕೆ ಹತ್ತು ಪಾಲೂ ಇಲ್ಲ. ಉಳಿದದ್ದೆಲ್ಲ ಬಿಸಿ. ಹತ್ತು ಪಾವು ಕೊಟ್ಟರೆ ಒಂಬತ್ತಕ್ಕಿಂತ ಹೆಚ್ಚು ಪಾವು ಕೋಣೆಯನ್ನು ಕಾಯಿಸಲು ಹೋಗುತ್ತದೆ.

ಇದನ್ನು ಚೆನ್ನಾಗಿ ಅರಿತವರು ಕೋಳಿ ಸಾಕುವವರು. ಮೊಟ್ಟೆಯೊಡೆದು ಬಂದ ಮರಿಗಳು ಚಳಿಗೆ ನಡುಗದಿರಲಿ ಎಂದು ಅವರು ಮರಿಗಳ ಮೇಲೆ ಹಳೆಯ ಗಾಜಿನ ಬಲ್ಬುಗಳನ್ನು ತೂಗುಹಾಕುತ್ತಾರೆ. ಅಲ್ಲಿ ಬಿಸಿಯೇ ಬೇಕಾದದ್ದು, ಬೆಳಕು ಜೊತೆಗೆ ಬಂದದ್ದು. ಏಪ್ರಿಲ್ ತಿಂಗಳ ರಾಯಚೂರಿನ ಮನೆಯೊಳಗೆ, ಕಲಬುರಗಿಯ ಮನೆಯೊಳಗೆ ಆ ಬಿಸಿ ಯಾರಿಗೆ ಬೇಕು ಹೇಳಿ? ಎ.ಸಿ. ಇರುವ ದೊಡ್ಡ ಕಟ್ಟಡಗಳಲ್ಲಂತೂ ನಷ್ಟ ಎರಡು ಸಲ. ದೀಪ ಬಿಸಿ ಮಾಡಲು ಒಮ್ಮೆ ಕರೆಂಟು, ಆ ಬಿಸಿಯನ್ನು ಹೊರಗೆ ಹಾಕಲು ಎ.ಸಿ.ಗೆ ಇನ್ನೊಮ್ಮೆ ಕರೆಂಟು.

ಟ್ಯೂಬ್‌ಲೈಟಿನಲ್ಲಿ ಕಾದ ತಂತಿಯ ಬೆಳಕಿಲ್ಲ. ಅದರೊಳಗಿನ ಚೂರೇ ಚೂರು ಪಾದರಸದ ಆವಿ, ಕರೆಂಟು ಹಾಯ್ದಾಗ ಕಣ್ಣಿಗೆ ಕಾಣದ ಕಿರಣಗಳನ್ನು ಬಿಡುತ್ತದೆ. ಗಾಜಿನ ಒಳಗೆ ಹಚ್ಚಿದ ಬಿಳಿ ಪುಡಿ ಆ ಕಿರಣಗಳನ್ನು ಹೀರಿಕೊಂಡು ಕಾಣುವ ಬೆಳಕಾಗಿ ಬದಲಾಯಿಸುತ್ತದೆ. ಗಾಜಿನ ಬಲ್ಬಿಗಿಂತ ಇದು ಎಷ್ಟೋ ಮೇಲು. ಪಾದರಸ ವಿಷವಾದ್ದರಿಂದ, ಒಡೆದ ಟ್ಯೂಬ್‌ಲೈಟಿನ ಚೂರುಗಳನ್ನು ಮಾತ್ರ ನೀವು ಮುಟ್ಟಬಾರದು.

ಎಲ್‌ಇಡಿಯ ದಾರಿ ಇವೆರಡಕ್ಕಿಂತ ಬೇರೆ, ನನಗೆ ಬಹಳ ಇಷ್ಟವಾದ ದಾರಿ. ಬಲ್ಬಿನೊಳಗೆ ಎಳ್ಳುಕಾಳಿನಷ್ಟು ಚಿಕ್ಕ ಚಿಕ್ಕ ಹರಳುಗಳಿವೆ. ಹರಳಿನ ಒಂದು ಪಕ್ಕದಲ್ಲಿ ಎಲೆಕ್ಟ್ರಾನ್ ಎಂಬ ಅತಿ ಸಣ್ಣ ಕಣಗಳು ಹೆಚ್ಚಾಗಿವೆ, ಇನ್ನೊಂದು ಪಕ್ಕದಲ್ಲಿ ಅವುಗಳಿಗಾಗಿ ಖಾಲಿ ಜಾಗಗಳಿವೆ. ಸ್ವಿಚ್ಚು ಹಾಕಿದಾಗ ಕಣಗಳು ಗಡಿ ದಾಟಿ ಬಂದು ಖಾಲಿ ಜಾಗದಲ್ಲಿ ಇಳಿಯುತ್ತವೆ. ಇಳಿಯುವಾಗ ತಮ್ಮಲ್ಲಿದ್ದ ಸ್ವಲ್ಪ ಶಕ್ತಿಯನ್ನು ಬಿಟ್ಟುಕೊಡುತ್ತವೆ. ಆ ಶಕ್ತಿಯೇ ನೇರವಾಗಿ ಬೆಳಕಾಗುತ್ತದೆ. ಏನನ್ನೂ ಸಾವಿರಾರು ಡಿಗ್ರಿ ಕಾಯಿಸಬೇಕಾಗಿಲ್ಲ. ಎಲ್‌ಇಡಿ ಬಲ್ಬಿನ ಕುತ್ತಿಗೆಯೂ ಬೆಚ್ಚಗಾಗುತ್ತದೆ, ಏಕೆಂದರೆ ಅದರಲ್ಲೂ ಒಂದಷ್ಟು ಪಾವು ಬಿಸಿಯಾಗಿ ಹೋಗುತ್ತದೆ. ಆದರೂ ಮೂರರಲ್ಲಿ ಸುಮಾರು ಒಂದು ಪಾಲು ಬೆಳಕಾಗಿ ನಮ್ಮ ಕೈಗೆ ಸಿಗುತ್ತದೆ. ಇಷ್ಟು ಕೊಡುವ ದೀಪ ಮನೆಗಳಿಗೆ ಹಿಂದೆಂದೂ ಬಂದಿರಲಿಲ್ಲ.

ಕಣ ಎಷ್ಟು ಆಳಕ್ಕೆ ಇಳಿಯುತ್ತದೋ ಅದರ ಮೇಲೆ ಬೆಳಕಿನ ಬಣ್ಣ ನಿಂತಿದೆ. ಸ್ವಲ್ಪ ಇಳಿದರೆ ಕೆಂಪು, ಹೆಚ್ಚು ಇಳಿದರೆ ನೀಲಿ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಅಮೆರಿಕದಲ್ಲಿ ಬೆಳಗಿತು. ನಿಮ್ಮ ಮೀಟರಿನಲ್ಲಿ ಮಿಣುಕುವುದು ಅದರ ವಂಶದ್ದೇ. ಆದರೆ ಕೆಂಪು ಬೆಳಕಿನಲ್ಲಿ ಮನೆ ಬೆಳಗಲು ಆಗುವುದಿಲ್ಲವಲ್ಲ. ಬಿಳಿ ಬೆಳಕು ಬೇಕಾದರೆ ನೀಲಿ ಎಲ್‌ಇಡಿ ಬೇಕಿತ್ತು. ಅದಕ್ಕೆ ತಕ್ಕ ಹರಳು ಗ್ಯಾಲಿಯಂ ನೈಟ್ರೈಡ್. ಅದನ್ನು ಕುಂದಿಲ್ಲದಂತೆ ಬೆಳೆಸುವುದು ಎಷ್ಟು ಕಷ್ಟವಾಗಿತ್ತೆಂದರೆ, ಅನೇಕ ವಿಜ್ಞಾನಿಗಳು ಕೈಬಿಟ್ಟು ಬೇರೆ ಕೆಲಸಕ್ಕೆ ಹೋದರು. ಜಪಾನಿನ ಇಸಾಮು ಅಕಾಸಾಕಿ, ಅವರ ವಿದ್ಯಾರ್ಥಿ ಹಿರೋಶಿ ಅಮಾನೊ, ಮತ್ತೊಂದು ಊರಿನ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಶುಜಿ ನಾಕಾಮುರಾ ಮಾತ್ರ ಬಿಡಲಿಲ್ಲ. ಕೆಂಪು ಬೆಳಗಿ ಮೂವತ್ತು ವರ್ಷಗಳಾದ ಮೇಲೆ, 1990ರ ದಶಕದ ಮೊದಲ ವರ್ಷಗಳಲ್ಲಿ ನೀಲಿ ಪ್ರಕಾಶಮಾನವಾಗಿ ಬೆಳಗಿತು. 2014ರಲ್ಲಿ ಮೂವರಿಗೂ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ನೀಲಿ ಬೆಳಕು ಬಿಳಿಯಾದದ್ದು ಹೇಗೆ ಎಂದು ಕೇಳುತ್ತೀರಿ ಅಲ್ಲವೇ? ಎಲ್‌ಇಡಿ ಟಾರ್ಚನ್ನು ಆರಿಸಿ ಅದರ ಹರಳನ್ನು ನೋಡಿ. ಅಲ್ಲೊಂದು ಹಳದಿ ಚುಕ್ಕೆ ಕಾಣುತ್ತದೆ. ಅದು ಹಳದಿ ಪುಡಿಯ ಹೊದಿಕೆ. ಒಳಗಿನ ನೀಲಿಯಲ್ಲಿ ಒಂದು ಪಾಲನ್ನು ಅದು ಹಳದಿಯಾಗಿ ಬದಲಾಯಿಸುತ್ತದೆ. ಉಳಿದ ನೀಲಿಯೂ ಆ ಹಳದಿಯೂ ಒಟ್ಟಿಗೆ ಕಣ್ಣಿಗೆ ಬಿದ್ದಾಗ ನಮಗೆ ಬಿಳಿ ಎನಿಸುತ್ತದೆ. ಟಾರ್ಚು ಉರಿಯುವಾಗ ಮಾತ್ರ ಅದರೊಳಗೆ ನೋಡಬೇಡಿ.

ಇಂಥ ಬಲ್ಬು ಮೊದಲು ದುಬಾರಿಯಾಗಿತ್ತು. 2015ರಲ್ಲಿ ಕೇಂದ್ರ ಸರ್ಕಾರ ಉಜಾಲಾ ಎಂಬ ಯೋಜನೆ ಆರಂಭಿಸಿ, ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಕೊಂಡು ಜನರಿಗೆ ಕಡಿಮೆ ಬೆಲೆಗೆ ಕೊಟ್ಟಿತು. ದೇಶದಲ್ಲಿ ಹೀಗೆ ಹಂಚಿದ ಬಲ್ಬುಗಳು 36 ಕೋಟಿಗೂ ಹೆಚ್ಚು. ಕರ್ನಾಟಕದಲ್ಲಿ ಈ ಯೋಜನೆಗೆ 'ಹೊಸ ಬೆಳಕು' ಎಂದು ಹೆಸರಿಟ್ಟಿದ್ದರು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಬಲ್ಬು ಇರಬಹುದು, ಅಜ್ಜಿಯನ್ನು ಕೇಳಿ.

ಅಂಗಡಿಗೆ ಬಲ್ಬು ತರಲು ಹೋದಾಗ ಡಬ್ಬಿಯ ಮೇಲೆ ಎರಡು ಅಂಕಿ ನೋಡಿ. ವಾಟ್ ಎಂಬುದು ತಿನ್ನುವ ಲೆಕ್ಕ, ಲುಮೆನ್ ಎಂಬುದು ಕೊಡುವ ಬೆಳಕಿನ ಲೆಕ್ಕ. 9 ವಾಟಿನ ಒಳ್ಳೆಯ ಎಲ್‌ಇಡಿ ಬಲ್ಬು 800-900 ಲುಮೆನ್ ಕೊಡುತ್ತದೆ. ಎರಡು ಬಲ್ಬುಗಳ ವಾಟ್ ಒಂದೇ ಆಗಿದ್ದರೆ ಹೆಚ್ಚು ಲುಮೆನ್ ಇರುವುದನ್ನು ಆರಿಸಿ.

ದೀಪದ ಉಳಿತಾಯಕ್ಕೆ ಇನ್ನೊಂದು ಕಾರಣದಿಂದ ತೂಕ ಹೆಚ್ಚು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಬಹಳ ದೊಡ್ಡ ಸೌರ ವಿದ್ಯುತ್ ಪಾರ್ಕ್ ಇದೆ, ಅದರ ಸಾಮರ್ಥ್ಯ 2,050 ಮೆಗಾವಾಟ್. ಒಂದು ಮೆಗಾವಾಟ್ ಎಂದರೆ ಹತ್ತು ಲಕ್ಷ ವಾಟ್. ಮಧ್ಯಾಹ್ನ ಅಲ್ಲಿಂದ ಕರೆಂಟು ಧಾರಾಳವಾಗಿ ಬರುತ್ತದೆ. ಸೂರ್ಯ ಮುಳುಗಿದರೆ ಅದು ನಿಲ್ಲುತ್ತದೆ. ನಾವೆಲ್ಲ ಒಟ್ಟಿಗೆ ದೀಪ ಹಾಕುವುದು ಯಾವಾಗ? ಸೂರ್ಯ ಮುಳುಗಿದ ಮೇಲೆಯೇ! ಆಗ ಶರಾವತಿಯ ಲಿಂಗನಮಕ್ಕಿ ಜಲಾಶಯದಲ್ಲಿ ಮಳೆಗಾಲದಿಂದ ಕೂಡಿಟ್ಟ ನೀರನ್ನು ಬಿಡಬೇಕು, ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ರೈಲಿನಲ್ಲಿ ಬಂದ ಕಲ್ಲಿದ್ದಲು ಉರಿಸಬೇಕು. ಕಲ್ಲಿದ್ದಲಿನಿಂದ ಒಂದು ಯೂನಿಟ್ ಮಾಡಲು ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಬೇಕಾಗುತ್ತದೆ. ಹಾಗಾಗಿ ಸಂಜೆ ಏಳು ಗಂಟೆಗೆ ನೀವು ಉಳಿಸಿದ ಪಾವಿಗೆ ಮಧ್ಯಾಹ್ನ ಉಳಿಸಿದ ಪಾವಿಗಿಂತ ಬೆಲೆ ಹೆಚ್ಚು.

ಹಗಲಿನಲ್ಲಂತೂ ಒಂದು ಪಾವೂ ಕೇಳದ ಬೆಳಕು ಮನೆಯ ಹೊರಗೇ ಕಾದಿರುತ್ತದೆ. ಹಿಂದಿನವರು ಅದನ್ನು ಒಳಗೆ ಕರೆಯುವ ಬಗೆ ಬಲ್ಲವರಾಗಿದ್ದರು. ತೊಟ್ಟಿ ಮನೆಯ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ ಇತ್ತು. ಕರಾವಳಿಯ, ಮಲೆನಾಡಿನ ಹೆಂಚಿನ ಮನೆಗಳಲ್ಲಿ ಮಣ್ಣಿನ ಹೆಂಚುಗಳ ನಡುವೆ ಒಂದೆರಡು ಗಾಜಿನ ಹೆಂಚು ಇಡುತ್ತಿದ್ದರು. ಕತ್ತಲೆಯ ಅಡುಗೆಮನೆಗೆ ಅಷ್ಟರಿಂದಲೇ ಹಗಲು ಬರುತ್ತಿತ್ತು. ಗೋಡೆಗೆ ಬಳಿದ ಸುಣ್ಣವೂ ಕೆಲಸ ಮಾಡುತ್ತದೆ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಕೋಣೆಗೆ ಹಿಂದಿರುಗಿಸುತ್ತದೆ. ಕಡು ಬಣ್ಣದ ಗೋಡೆ ಬಹುಪಾಲನ್ನು ತಾನೇ ಇಟ್ಟುಕೊಳ್ಳುತ್ತದೆ. ಅಡುಗೆಮನೆಯ ಬಲ್ಬಿನ ಮೇಲೆ ಕೂತ ಎಣ್ಣೆ ಜಿಡ್ಡು, ಧೂಳು ಕೂಡ ಬೆಳಕು ಕದಿಯುತ್ತವೆ. ದೊಡ್ಡವರು ಸ್ವಿಚ್ಚು ಆರಿಸಿ, ಬಲ್ಬು ತಣ್ಣಗಾದ ಮೇಲೆ ಒಣ ಬಟ್ಟೆಯಿಂದ ಒರೆಸಿದರೆ ಅದೇ ಪಾವಿಗೆ ಹೆಚ್ಚು ಬೆಳಕು ಸಿಗುತ್ತದೆ.

ಉಳಿತಾಯ ಎಂದು ಮಂದ ಬೆಳಕಿನಲ್ಲಿ ಓದಬೇಡಿ, ಕಣ್ಣು ದಣಿಯುತ್ತದೆ. ಅದರ ಬದಲು ದೀಪವನ್ನು ಹತ್ತಿರ ತನ್ನಿ. ಸಣ್ಣ ದೀಪವೊಂದು ನಿಮ್ಮ ಪುಸ್ತಕದಿಂದ ಎಷ್ಟು ದೂರವಿದೆಯೋ ಅದರ ಅರ್ಧಕ್ಕೆ ತಂದರೆ, ಹಾಳೆಯ ಮೇಲೆ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ. ಮೇಜಿನ ಮೇಲಿನ 4-5 ವಾಟಿನ ದೀಪ ಓದಲು ಧಾರಾಳವಾಗಿ ಸಾಕಾಗುವುದು ಇದರಿಂದಲೇ.

ಶಾಲೆಯಲ್ಲಿ ಮಾಡಲು ಒಂದು ಕೆಲಸ ಕೊಡುತ್ತೇನೆ. ಮಧ್ಯಾಹ್ನದ ಹೊತ್ತು ತರಗತಿಯನ್ನು ಗಮನಿಸಿ. ಕಿಟಕಿಯ ಪಕ್ಕದ ಬೆಂಚುಗಳಿಗೆ ದೀಪವೇ ಬೇಡ, ಒಳಗೋಡೆಯ ಪಕ್ಕದವರಿಗೆ ಬೇಕು. ಈಗ ಮೇಷ್ಟ್ರ ಅಪ್ಪಣೆ ಪಡೆದು ಒಂದೊಂದೇ ಸ್ವಿಚ್ಚು ಹಾಕಿ, ಯಾವ ಸ್ವಿಚ್ಚಿಗೆ ಯಾವ ದೀಪ ಹೊತ್ತಿಕೊಳ್ಳುತ್ತದೆ ಎಂದು ಕೋಣೆಯ ನಕ್ಷೆ ಬರೆದು ಗುರುತು ಮಾಡಿ. ಎಷ್ಟೋ ಕಡೆ ಕಿಟಕಿ ಪಕ್ಕದ ದೀಪವೂ ಒಳಗಿನ ದೀಪವೂ ಒಂದೇ ಸ್ವಿಚ್ಚಿಗೆ ಕಟ್ಟಿಕೊಂಡಿರುತ್ತವೆ. ಒಳಗಿನವರಿಗೆ ಬೆಳಕು ಬೇಕೆಂದರೆ ಬಿಸಿಲಿನಲ್ಲೂ ಕಿಟಕಿಯ ಪಕ್ಕ ದೀಪ ಉರಿಯಲೇಬೇಕು. ಕಿಟಕಿಯ ಉದ್ದಕ್ಕೂ ಇರುವ ಸಾಲಿಗೆ ಒಂದು ಸ್ವಿಚ್ಚು, ಒಳಸಾಲಿಗೆ ಇನ್ನೊಂದು ಇದ್ದರೆ ಹಗಲಿಡೀ ಅರ್ಧ ದೀಪ ಆರಿಸಿಡಬಹುದು. ನಕ್ಷೆಯನ್ನು ಮುಖ್ಯೋಪಾಧ್ಯಾಯರಿಗೆ ಕೊಡಿ. ಮುಂದಿನ ಸಲ ವೈರಿಂಗ್ ರಿಪೇರಿಗೆ ಎಲೆಕ್ಟ್ರಿಷಿಯನ್ ಬಂದಾಗ ಅವರ ಕೈಗೆ ಅದು ಸಿಗಲಿ.